ಚಿಕ್ಕ ಮೈಕಟ್ಟಿನ ಸವಾರರಿಗೆ ಬದಲಿ ರೋಡ್ ಸೈಕಲ್ಲು: ಬೆಲೆಗಿಂತ ಮೊದಲು ಅಳತೆ

ಮಕ್ಕಳು ಓಡಿಸುತ್ತಿದ್ದ ಹಳೆಯ ರೇಸ್ ಸೈಕಲ್ಲನ್ನು ಬದಲಿಸುವ ಕಾಲ ಬಂದಾಗ ಪಾಲಕರು ಮೊದಲು ವಿಚಾರಿಸುವುದು ಬೆಲೆಯನ್ನು, ಅನಂತರ ಕಂಪನಿಯನ್ನು. ಸವಾರರ ದೇಹದ ಅಳತೆಯ ವಿಚಾರ ಬರುವುದು ಕಟ್ಟಕಡೆಗೆ. ಎಷ್ಟೋ ಸಲ ಬರುವುದೇ ಇಲ್ಲ. ಎತ್ತರದ ಸವಾರರ ವಿಷಯದಲ್ಲಿ ಈ ಅಲಕ್ಷ್ಯ ಹೇಗೋ ನಡೆದುಹೋಗುತ್ತದೆ. ಐದು ಅಡಿಯ ಆಸುಪಾಸಿನಲ್ಲಿರುವ ಬಾಲಕಿಗೆ, ತೆಳು ಮೈಕಟ್ಟಿನ ಹೈಸ್ಕೂಲು ಹುಡುಗನಿಗೆ ಅಥವಾ ಕುಳ್ಳಗಿರುವ ತಾಯಿಗೆ ಅದು ನಡೆಯುವುದಿಲ್ಲ. ಅಳತೆಗೆ ಹೊಂದದ ಸೈಕಲ್ಲಿನಿಂದ ಕುತ್ತಿಗೆ, ಅಂಗೈ, ಮಂಡಿ ನೋಯುತ್ತವೆ. ಬ್ರೇಕು ಕೈಗೆ ಸಿಗುವುದಿಲ್ಲ. ಕೆಲವೇ ತಿಂಗಳಲ್ಲಿ ಸೈಕಲ್ಲು ಗೋಡೆಗೆ ಒರಗುತ್ತದೆ, "ಅವಳಿಗೆ ಆಸಕ್ತಿ ಹೋಯಿತು" ಎಂಬ ಮಾತು ಮನೆಯಲ್ಲಿ ಉಳಿಯುತ್ತದೆ. ಆಸಕ್ತಿ ಹೋಗುವುದಕ್ಕೆ ಅನೇಕ ವೇಳೆ ಕಾರಣ ಎರಡು ಮೂರು ಸೆಂಟಿಮೀಟರುಗಳ ವ್ಯತ್ಯಾಸ ಮಾತ್ರ.

ರೋಡ್ ಸೈಕಲ್ಲೆಂದರೆ ಕೆಳಗೆ ಬಾಗಿದ ಹ್ಯಾಂಡಲ್, ತೆಳುವಾದ ಟಯರು, ಹಲವು ಗೇರುಗಳುಳ್ಳ ಹಗುರ ಸೈಕಲ್ಲು. ನಮ್ಮ ಗಡಿನಾಡಿನ ಕನ್ನಡ ಕುಟುಂಬಗಳಿಗೆ ಇದು ಅಪರಿಚಿತವಲ್ಲ. ಜತ್ತ, ಅಕ್ಕಲಕೋಟೆಗಳ ನೆರೆಯಲ್ಲಿರುವ ವಿಜಯಪುರ ಮತ್ತು ಅದರಾಚೆಯ ಬಾಗಲಕೋಟೆ ಜಿಲ್ಲೆಗಳು ಸೈಕ್ಲಿಂಗ್ ಪಟುಗಳಿಗೆ ಹೆಸರಾದವು. ಕರ್ನಾಟಕ ಸರ್ಕಾರದ ಸೈಕ್ಲಿಂಗ್ ಕ್ರೀಡಾ ನಿಲಯಗಳು ಅಲ್ಲಿವೆ. ತಾಳವಾಡಿ, ನೀಲಗಿರಿಗಳಲ್ಲಿ ಘಟ್ಟ ಹತ್ತಿಳಿಯುವ ಉತ್ಸಾಹಿಗಳಿದ್ದಾರೆ. ಇಂಥ ಕಡೆಗಳಲ್ಲಿ ಮಕ್ಕಳ ಮೊದಲ ರೋಡ್ ಸೈಕಲ್ಲು ಅಣ್ಣನಿಂದಲೋ ಹಿರಿಯ ಸವಾರರಿಂದಲೋ ಕೈದಾಟಿ ಬಂದದ್ದಾಗಿರುತ್ತದೆ, ಅಂದರೆ ಬೇರೊಬ್ಬರ ಅಳತೆಯದು. ಅದನ್ನು ಬದಲಿಸುವಾಗ ಅದೇ ತಪ್ಪು ಹಣ ಕೊಟ್ಟು ಮರಳಿ ಬರಬಾರದು.

ಚಿಕ್ಕ ಫ್ರೇಮುಗಳ ಒಳಗಿನ ತೊಡಕು

ಇಂದಿನ ಬಹುಪಾಲು ರೋಡ್ ಸೈಕಲ್ಲುಗಳಿಗೆ ಒಂದೇ ಗಾತ್ರದ ಗಾಲಿ. ಅದಕ್ಕೆ 700ಸಿ ಎಂದು ಹೆಸರು. ಟಯರು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ 622 ಮಿ.ಮೀ.; 25 ಮಿ.ಮೀ. ಟಯರು ಸೇರಿದರೆ ಒಟ್ಟು ವ್ಯಾಸ ಸುಮಾರು 67 ಸೆಂ.ಮೀ. ಆರಡಿ ಎತ್ತರದವರಿಗೂ ಐದಡಿ ಎತ್ತರದವರಿಗೂ ಇದೇ ಗಾಲಿ. ಫ್ರೇಮನ್ನು ಎಷ್ಟು ಕಿರಿದು ಮಾಡಿದರೂ ಗಾಲಿ ಕಿರಿದಾಗುವುದಿಲ್ಲ. ಆದ್ದರಿಂದ ಹ್ಯಾಂಡಲನ್ನು ಒಂದು ಮಿತಿಗಿಂತ ಕೆಳಗೆ ತರಲಾಗುವುದಿಲ್ಲ, ಮುಂದಿನ ಗಾಲಿಯನ್ನು ಒಂದು ಮಿತಿಗಿಂತ ಹಿಂದಕ್ಕೆ ಎಳೆಯಲೂ ಆಗುವುದಿಲ್ಲ. ಹಿಂದಕ್ಕೆ ಎಳೆದರೆ ತಿರುವಿನಲ್ಲಿ ಸವಾರರ ಪಾದದ ತುದಿ ಗಾಲಿಗೆ ತಾಗುತ್ತದೆ.

ಈ ಇಕ್ಕಟ್ಟಿನಿಂದ ಪಾರಾಗಲು ತಯಾರಕರು ಕೋನಗಳನ್ನು ಬದಲಿಸುತ್ತಾರೆ. ಸೀಟಿನ ಕೊಳವೆಯನ್ನು ಹೆಚ್ಚು ನೆಟ್ಟಗೆ ನಿಲ್ಲಿಸುತ್ತಾರೆ, ಮುಂದಿನ ಫೋರ್ಕನ್ನು ಹೆಚ್ಚು ಓರೆಯಾಗಿಸುತ್ತಾರೆ. ಪಟ್ಟಿಯಲ್ಲಿ ಫ್ರೇಮು ಚಿಕ್ಕದೆಂದು ಕಾಣುತ್ತದೆ. ಕೂತು ನೋಡಿದರೆ ಹ್ಯಾಂಡಲ್ ಹಿಂದಿನಷ್ಟೇ ದೂರದಲ್ಲಿರುತ್ತದೆ. ಅನೇಕ ಮಾದರಿಗಳಲ್ಲಿ ಅತಿ ಚಿಕ್ಕ ಫ್ರೇಮಿಗೂ ಅದರ ಮೇಲಿನ ಅಳತೆಗೂ ಮುಂಚಾಚಿನಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಆದಕಾರಣ 'ಸ್ಮಾಲ್' ಅಥವಾ 'ಎಕ್ಸ್ಟ್ರಾ ಸ್ಮಾಲ್' ಎಂಬ ಚೀಟಿಯನ್ನು ನಂಬಿ ಕೊಳ್ಳುವುದು ಸಲ್ಲದು. ಒಂದು ಕಂಪನಿಯ ಸ್ಮಾಲ್ ಇನ್ನೊಂದರ ಮೀಡಿಯಂ ಆಗಿರಬಹುದು.

ಮನೆಯಲ್ಲಿಯೇ ತೆಗೆಯಬಹುದಾದ ಅಳತೆಗಳು

ಅಂಗಡಿಗೆ ಹೋಗುವ ಮುನ್ನ ಮೂರು ಅಳತೆಗಳು ಕೈಯಲ್ಲಿರಬೇಕು. ಬೇಕಾಗುವ ಸಾಧನ ಒಂದು ಟೇಪು, ಒಂದು ದಪ್ಪ ರಟ್ಟಿನ ಪುಸ್ತಕ, ಒಂದು ಗೋಡೆ.

ಮೊದಲನೆಯದು ಒಳಗಾಲಿನ ಉದ್ದ. ಸವಾರರು ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ, ಪಾದಗಳ ನಡುವೆ ಒಂದು ಗೇಣು ಅಂತರ ಬಿಟ್ಟು ನಿಲ್ಲಬೇಕು. ಪುಸ್ತಕದ ಬೆನ್ನು ಮೇಲಿರುವಂತೆ ಅದನ್ನು ತೊಡೆಗಳ ನಡುವೆ ಇಟ್ಟು, ಒಂದು ಅಂಚು ಗೋಡೆಗೆ ಒತ್ತಿರುವಂತೆ, ಸೀಟಿನ ಮೇಲೆ ಕೂತಷ್ಟೇ ಬಿಗಿಯಾಗಿ ಮೇಲಕ್ಕೆ ಎಳೆದುಕೊಳ್ಳಬೇಕು. ನೆಲದಿಂದ ಪುಸ್ತಕದ ಮೇಲಂಚಿನವರೆಗಿನ ಎತ್ತರವೇ ಒಳಗಾಲಿನ ಉದ್ದ. ಮೂರು ಬಾರಿ ಅಳೆದು ಸರಾಸರಿ ತೆಗೆಯುವುದು ಒಳಿತು. ಈ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು. ಗಣಿತದ ಪಾಠದಲ್ಲಿ ಕಲಿತ ಸರಾಸರಿ, ಅನುಪಾತ, ಕೋನಗಳೆಲ್ಲ ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಎರಡನೆಯದು ಭುಜದ ಅಗಲ. ಎರಡು ಭುಜಗಳ ಮೇಲೆ ಕೈಗೆ ಸಿಗುವ ಎಲುಬಿನ ತುದಿಗಳ ನಡುವಿನ ಅಂತರವಿದು. ಮೂರನೆಯದು ಒಟ್ಟು ಎತ್ತರ.

ಒಳಗಾಲಿನ ಉದ್ದದಿಂದ ಎರಡು ಲೆಕ್ಕ ಹೊರಡುತ್ತವೆ. ಫ್ರಾನ್ಸಿನ ತರಬೇತುದಾರ ಸಿರಿಲ್ ಗಿಮಾರ್ ಅವರ ಬಳಗದಲ್ಲಿ ರೂಪುಗೊಂಡು, ಅಮೆರಿಕದ ಸೈಕಲ್ ಪಟು ಗ್ರೆಗ್ ಲೆಮಾಂಡ್ ಅವರಿಂದ ಜನಪ್ರಿಯವಾದ ಸೂತ್ರದ ಪ್ರಕಾರ, ಒಳಗಾಲಿನ ಉದ್ದವನ್ನು 0.883ರಿಂದ ಗುಣಿಸಿದರೆ ಪೆಡಲು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ. 0.65ರಿಂದ ಗುಣಿಸಿದರೆ ಸಾಂಪ್ರದಾಯಿಕ ಫ್ರೇಮಿನ ಅಂದಾಜು ಅಳತೆ ಸಿಗುತ್ತದೆ. ಉದಾಹರಣೆಗೆ 150 ಸೆಂ.ಮೀ. ಎತ್ತರದ, 69 ಸೆಂ.ಮೀ. ಒಳಗಾಲಿನ ಒಬ್ಬ ವಿದ್ಯಾರ್ಥಿನಿಯನ್ನು ಭಾವಿಸೋಣ. ಅವಳ ಸೀಟಿನ ಎತ್ತರ ಸುಮಾರು 61 ಸೆಂ.ಮೀ., ಫ್ರೇಮು ಸುಮಾರು 45 ಸೆಂ.ಮೀ. ಅಂಗಡಿಯವರು 50 ಅಥವಾ 52ರ ಫ್ರೇಮನ್ನು ಮುಂದಿಟ್ಟು "ಸೀಟು ಇಳಿಸಿದರೆ ಆಯಿತು" ಎಂದರೆ ಒಪ್ಪಲಾಗದು. ಸೀಟು ಇಳಿಯುತ್ತದೆ, ಹ್ಯಾಂಡಲ್ ಹತ್ತಿರ ಬರುವುದಿಲ್ಲ.

ಈ ಸೂತ್ರಗಳು ಆರಂಭದ ಅಂದಾಜುಗಳು ಮಾತ್ರ. ಸೀಟಿನ ಎತ್ತರ ಸರಿಯಿದೆಯೇ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ಸೀಟಿನ ಮೇಲೆ ಕೂತು, ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ಪೂರ್ತಿ ನೆಟ್ಟಗಾಗಬೇಕು, ಸೊಂಟ ಒಂದು ಬದಿಗೆ ವಾಲಬಾರದು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿಯಲ್ಲಿ ಬೇಕಾದಷ್ಟು ಬಾಗು ಉಳಿಯುತ್ತದೆ.

ಹಳೆಯ ಸೈಕಲ್ಲು ಹೇಳುವ ಪಾಠ

ಬದಲಿ ಸೈಕಲ್ಲು ಕೊಳ್ಳುವವರಿಗೆ ಒಂದು ಅನುಕೂಲವಿದೆ. ಹಳೆಯ ಸೈಕಲ್ಲು ಇನ್ನೂ ಮನೆಯಲ್ಲಿದ್ದರೆ ಅದನ್ನು ಮಾರುವ ಮುನ್ನ ಅಳೆದಿಡಬೇಕು. ಸೀಟಿನ ಎತ್ತರ, ಸೀಟಿನ ಮೂತಿಯಿಂದ ಹ್ಯಾಂಡಲಿನ ನಡುವಿನವರೆಗಿನ ಅಂತರ, ಸೀಟಿಗಿಂತ ಹ್ಯಾಂಡಲ್ ಎಷ್ಟು ಮೇಲೆ ಅಥವಾ ಕೆಳಗಿದೆ ಎಂಬುದು ಮತ್ತು ಕ್ರ್ಯಾಂಕಿನ ಉದ್ದ, ಈ ನಾಲ್ಕನ್ನು ಒಂದು ಕಾಗದದಲ್ಲಿ ಬರೆಯಬೇಕು. ಗಾರೆ ಕೆಲಸದವರ ತೂಗುಗುಂಡನ್ನು ಸೀಟಿನ ಮೂತಿಯಿಂದ ಇಳಿಬಿಟ್ಟರೆ ಸೀಟು ಪೆಡಲಿನ ಅಚ್ಚಿಗಿಂತ ಎಷ್ಟು ಹಿಂದಿದೆ ಎಂಬುದೂ ತಿಳಿಯುತ್ತದೆ.

ಅನಂತರ ಸವಾರರನ್ನು ಕೇಳಬೇಕು. ಅಂಗೈ ಜೋಮು ಹಿಡಿಯುತ್ತಿತ್ತೇ? ಕುತ್ತಿಗೆ ಹಿಂಬದಿ ನೋಯುತ್ತಿತ್ತೇ? ಕೂರುವಾಗ ಸೀಟಿನ ಮೂತಿಯ ಕಡೆಗೆ ಜಾರುತ್ತಿದ್ದರೇ? ಈ ಮೂರೂ ಸಾಮಾನ್ಯವಾಗಿ ಹ್ಯಾಂಡಲ್ ತೀರ ದೂರವಿದೆ ಅಥವಾ ತೀರ ಕೆಳಗಿದೆ ಎಂಬುದರ ಲಕ್ಷಣಗಳು. ಮಂಡಿಯ ಮುಂಭಾಗದ ನೋವಿಗೆ ಸೀಟು ತಗ್ಗಾಗಿರುವುದು, ಕ್ರ್ಯಾಂಕು ಉದ್ದವಾಗಿರುವುದು ಕಾರಣಗಳಾಗಿರಬಹುದು. ಹೆಣ್ಣುಮಕ್ಕಳು ಸೀಟಿನ ನೋವನ್ನು ಬಾಯಿಬಿಟ್ಟು ಹೇಳಲು ಸಂಕೋಚಪಡುತ್ತಾರೆ. ತಾಯಿಯೋ ಅಕ್ಕನೋ ಕೇಳಿದರೆ ಹೇಳುತ್ತಾರೆ. ಆ ನೋವಿಗೆ ಸೀಟಿನ ಅಗಲ ಒಂದು ಕಾರಣವಾದರೆ, ದೂರದ ಹ್ಯಾಂಡಲಿಗೆ ಬಾಗುತ್ತ ಮುಂದೆ ಜಾರುವುದು ಇನ್ನೊಂದು. ಮೊದಲನೆಯದನ್ನು ಸೀಟು ಬದಲಿಸಿ ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದು. ಎರಡನೆಯದಕ್ಕೆ ಫ್ರೇಮೇ ಸರಿಯಿರಬೇಕು.

ಪಟ್ಟಿಯನ್ನು ಓದುವ ಬಗೆ

ಪ್ರತಿ ಮಾದರಿಯ ಅಳತೆಗಳ ಪಟ್ಟಿಯನ್ನು ತಯಾರಕರು ಪ್ರಕಟಿಸುತ್ತಾರೆ. ಅದು ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದ ಮನೆಗಳಲ್ಲಿ ಅದನ್ನು ಬದಿಗಿಡುವುದುಂಟು. ಹಾಗೆ ಮಾಡಬೇಕಿಲ್ಲ, ನಾಲ್ಕು ಪದಗಳು ತಿಳಿದರೆ ಸಾಕು.

'ಸ್ಟ್ಯಾಂಡ್‌ಓವರ್' ಎಂದರೆ ಮೇಲಿನ ಕೊಳವೆಯ ಎರಡೂ ಬದಿಗೆ ಕಾಲೂರಿ ನಿಲ್ಲುವಾಗಿನ ಎತ್ತರ. ಇದು ಒಳಗಾಲಿನ ಉದ್ದಕ್ಕಿಂತ ಕನಿಷ್ಠ ಎರಡು ಮೂರು ಸೆಂ.ಮೀ. ಕಡಿಮೆಯಿರಬೇಕು. 'ಸ್ಟ್ಯಾಕ್' ಎಂದರೆ ಪೆಡಲಿನ ಅಚ್ಚಿನಿಂದ ಹ್ಯಾಂಡಲ್ ಕೂರುವ ಕೊಳವೆಯ ಮೇಲ್ತುದಿಯವರೆಗಿನ ನೇರ ಎತ್ತರ. 'ರೀಚ್' ಎಂದರೆ ಅದೇ ಎರಡು ಬಿಂದುಗಳ ನಡುವಿನ ಅಡ್ಡ ಅಂತರ. ಎತ್ತರದ ಗೆರೆ ಮತ್ತು ಅಡ್ಡ ಗೆರೆಗಳಿಂದಾದ ಲಂಬಕೋನವೆಂದು ಚಿತ್ರ ಬರೆದುಕೊಂಡರೆ ಮಕ್ಕಳಿಗೂ ಸುಲಭವಾಗಿ ಅರ್ಥವಾಗುತ್ತದೆ. 150 ಸೆಂ.ಮೀ. ಆಸುಪಾಸಿನ ಸವಾರರು 350ರಿಂದ 370 ಮಿ.ಮೀ. ರೀಚ್ ಇರುವ ಫ್ರೇಮುಗಳಿಂದ ಹುಡುಕಾಟ ಆರಂಭಿಸುವುದು ಸೂಕ್ತ.

ನಾಲ್ಕನೆಯ ಪದ 'ಎಫೆಕ್ಟಿವ್ ಟಾಪ್ ಟ್ಯೂಬ್', ಅಂದರೆ ಸೀಟಿನ ಕಡೆಯಿಂದ ಹ್ಯಾಂಡಲಿನ ಕೊಳವೆಯವರೆಗೆ ಅಡ್ಡಲಾಗಿ ಅಳೆದ ಉದ್ದ. ಚಿಕ್ಕ ಫ್ರೇಮುಗಳಲ್ಲಿ ಇದೇ ಹೆಚ್ಚು ದಾರಿ ತಪ್ಪಿಸುವ ಅಂಕಿ. ಸೀಟು 60 ಸೆಂ.ಮೀ. ಎತ್ತರದಲ್ಲಿದ್ದಾಗ ಸೀಟಿನ ಕೊಳವೆಯ ಕೋನ ಒಂದು ಡಿಗ್ರಿ ಬದಲಾದರೆ ಸೀಟು ಸುಮಾರು ಒಂದು ಸೆಂ.ಮೀ. ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. 75 ಡಿಗ್ರಿಯ ಫ್ರೇಮೊಂದರಲ್ಲಿ ಈ ಉದ್ದ 50 ಸೆಂ.ಮೀ. ಎಂದಿದ್ದರೆ, ಸೀಟನ್ನು 73 ಡಿಗ್ರಿಯ ಫ್ರೇಮಿನಲ್ಲಿ ಇರುತ್ತಿದ್ದ ಸ್ಥಾನಕ್ಕೆ ಹಿಂದೆ ಸರಿಸಿದಾಗ ಅದು ವಾಸ್ತವದಲ್ಲಿ 52ರಷ್ಟಾಗುತ್ತದೆ. ಆದ್ದರಿಂದ ಎರಡು ಸೈಕಲ್ಲುಗಳನ್ನು ಹೋಲಿಸುವಾಗ ಸ್ಟ್ಯಾಕ್ ಮತ್ತು ರೀಚ್‌ಗಳನ್ನೇ ಜೊತೆಯಾಗಿ ನೋಡಬೇಕು. ಸೀಟಿನ ಸ್ಥಾನವನ್ನು ಕಾಲುಗಳ ಅನುಕೂಲಕ್ಕೆ ತಕ್ಕಂತೆ ಮೊದಲು ನಿಶ್ಚಯಿಸಿ, ಆಮೇಲೆ ಹ್ಯಾಂಡಲಿನ ಕಡೆಗೆ ಗಮನ ಹರಿಸಬೇಕು. ಹ್ಯಾಂಡಲ್ ದೂರವಾಯಿತೆಂದು ಸೀಟನ್ನು ಮುಂದಕ್ಕೆ ತಳ್ಳಿದರೆ ಮಂಡಿಗೆ ಭಾರ ಬೀಳುತ್ತದೆ.

ಕೈ, ಕಾಲು ಮತ್ತು ಬ್ರೇಕು

ಫ್ರೇಮು ಹೊಂದಿದ ಮೇಲೆ ಅದಕ್ಕೆ ಕೂಡಿಸಿದ ಭಾಗಗಳನ್ನು ನೋಡಬೇಕು. ಹ್ಯಾಂಡಲಿನ ಅಗಲ ಭುಜದ ಅಗಲಕ್ಕೆ ಸಮೀಪವಿರಬೇಕು. ಮಾರುಕಟ್ಟೆಯಲ್ಲಿ 42 ಸೆಂ.ಮೀ. ಅಗಲದ ಹ್ಯಾಂಡಲ್ ಸಾಮಾನ್ಯ. ಚಿಕ್ಕ ಸವಾರರಿಗೆ 36 ಅಥವಾ 38 ಬೇಕಾಗಬಹುದು. ಹ್ಯಾಂಡಲಿನ ಬಾಗು ಮುಂದಕ್ಕೆ ಚಾಚುವ ಉದ್ದವೂ ಮಾದರಿಯಿಂದ ಮಾದರಿಗೆ ಬೇರೆ. 70 ಮಿ.ಮೀ. ಚಾಚಿನ ಹ್ಯಾಂಡಲ್ 90 ಮಿ.ಮೀ. ಚಾಚಿನದಕ್ಕಿಂತ ಬ್ರೇಕನ್ನು ಎರಡು ಸೆಂ.ಮೀ. ಹತ್ತಿರ ತರುತ್ತದೆ.

ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ ಎಂಬ ತುಂಡನ್ನು ಗಿಡ್ಡದಕ್ಕೆ ಬದಲಿಸಿಯೂ ದೂರ ಕಡಿಮೆ ಮಾಡಬಹುದು. 70 ಅಥವಾ 80 ಮಿ.ಮೀ. ಸ್ಟೆಮ್ ಚಿಕ್ಕ ಸವಾರರಿಗೆ ಸಹಜವೇ. ಅದಕ್ಕಿಂತಲೂ ಬಹಳ ಗಿಡ್ಡವಾದುದನ್ನು ಹಾಕಿದರೆ ಮಾತ್ರ ಸರಿಹೋಗುತ್ತದೆ ಎನ್ನುವಂತಿದ್ದರೆ ಫ್ರೇಮು ದೊಡ್ಡದೆಂದೇ ತಿಳಿಯಬೇಕು.

ಬ್ರೇಕಿನ ವಿಷಯದಲ್ಲಿ ರಾಜಿಯಿಲ್ಲ. ಹ್ಯಾಂಡಲಿನ ಮೇಲ್ಭಾಗದ ಹಿಡಿಯಿಂದಲೂ ಕೆಳಬಾಗಿನಿಂದಲೂ ತೋರುಬೆರಳು ಮತ್ತು ನಡುಬೆರಳು, ಹಿಡಿತ ಸಡಿಲಿಸದೆ, ಬ್ರೇಕಿನ ಹಿಡಿಕೆಯನ್ನು ಸುತ್ತುವರಿಯಬೇಕು. ಬೆರಳ ತುದಿಯಷ್ಟೇ ತಾಗಿದರೆ ಇಳಿಜಾರಿನಲ್ಲಿ ಬಲ ಸಾಲದು. ಅನೇಕ ಹಿಡಿಕೆಗಳಲ್ಲಿ ಅವುಗಳನ್ನು ಹತ್ತಿರ ತರುವ ಚಿಕ್ಕ ತಿರುಪು ಇರುತ್ತದೆ. ಅದನ್ನು ತಿರುಗಿಸಿ ತೋರಿಸುವಂತೆ ಅಂಗಡಿಯಲ್ಲೇ ಕೇಳಬೇಕು. ಸತ್ಯಮಂಗಲದ ಕಡೆಯಿಂದ ತಾಳವಾಡಿಗೆ ಬರುವ ದಿಂಬಂ ಘಟ್ಟದಲ್ಲಿ 27 ಹಿಮ್ಮುರಿ ತಿರುವುಗಳಿವೆ. ಉದಕಮಂಡಲದಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ದಾರಿಯಲ್ಲಿ 36. ಇಂಥ ದಾರಿಯಲ್ಲಿ ಬ್ರೇಕಿಗೆ ಬೆರಳು ಎಟುಕದ ಮಗುವನ್ನು ಇಳಿಯಬಿಡುವುದು ಪ್ರಾಣಕ್ಕೆ ಸಂಬಂಧಿಸಿದ ಮಾತು.

ಕ್ರ್ಯಾಂಕು, ಅಂದರೆ ಪೆಡಲನ್ನು ಅಚ್ಚಿಗೆ ಸೇರಿಸುವ ತೋಳು, ಸಾಮಾನ್ಯವಾಗಿ 170 ಅಥವಾ 172.5 ಮಿ.ಮೀ. ಉದ್ದವಿರುತ್ತದೆ. ಗಿಡ್ಡ ಕಾಲಿನವರಿಗೆ ಇದು ಹೆಚ್ಚು; ಪೆಡಲು ಮೇಲೆ ಬಂದಾಗ ಮಂಡಿ ಎದೆಯ ಕಡೆಗೆ ಏರುತ್ತದೆ. 165 ಅಥವಾ ಅದಕ್ಕಿಂತ ಕಡಿಮೆ ಉದ್ದದ ಕ್ರ್ಯಾಂಕು ಮಂಡಿಗೆ ಹಿತ, ಪಾದದ ತುದಿ ಗಾಲಿಗೆ ತಾಗುವ ಸಾಧ್ಯತೆಯನ್ನೂ ತಗ್ಗಿಸುತ್ತದೆ.

ಚಿಕ್ಕ ಗಾಲಿಯ ಪ್ರಶ್ನೆ

ಸವಾರರು ಚಿಕ್ಕವರಾದರೆ ಗಾಲಿಯೂ ಚಿಕ್ಕದಿರಬಾರದೇಕೆ ಎಂಬುದು ನ್ಯಾಯವಾದ ಪ್ರಶ್ನೆ. ಅಮೆರಿಕದ ಜಾರ್ಜಿನಾ ಟೆರಿ ಎಂಬ ಎಂಜಿನಿಯರು 1985ರಲ್ಲಿ ಆರಂಭಿಸಿದ ತಮ್ಮ ಕಂಪನಿಯ ಮೂಲಕ, ಮುಂದೆ ಚಿಕ್ಕ ಗಾಲಿ ಹಿಂದೆ ದೊಡ್ಡ ಗಾಲಿಯುಳ್ಳ ರೋಡ್ ಸೈಕಲ್ಲುಗಳನ್ನು ಕುಳ್ಳಗಿನ ಮಹಿಳೆಯರಿಗಾಗಿ ತಯಾರಿಸಿದರು. 650ಸಿ ಎಂಬ 571 ಮಿ.ಮೀ. ರಿಮ್ಮಿನ ಗಾಲಿಗಳೂ ಬಳಕೆಯಲ್ಲಿದ್ದವು. ಚಿಕ್ಕ ಗಾಲಿಯಿಂದ ಫ್ರೇಮಿನ ಇಕ್ಕಟ್ಟು ನಿಜಕ್ಕೂ ನೀಗುತ್ತದೆ.

ಆದರೆ ನಮ್ಮ ಊರುಗಳಲ್ಲಿ ಈ ಗಾತ್ರದ ಟಯರು, ಟ್ಯೂಬು ಸಿಗುವುದು ಕಷ್ಟ. 700ಸಿ ಟಯರನ್ನು ಸೊಲ್ಲಾಪುರ, ಮಂಗಳೂರು, ಮೈಸೂರು, ಕೊಯಮತ್ತೂರುಗಳ ಅಂಗಡಿಗಳಿಂದ ತರಿಸಿಕೊಳ್ಳಬಹುದು. ಸ್ಪರ್ಧೆಗೆ ಹೋಗುವವರು ನಿಯಮವನ್ನೂ ನೋಡಬೇಕು: ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಟಯರು ಸೇರಿ ಗಾಲಿಯ ವ್ಯಾಸ 55ರಿಂದ 70 ಸೆಂ.ಮೀ. ಒಳಗಿರಬೇಕು, ರಸ್ತೆ ಓಟಗಳಲ್ಲಿ ಎರಡೂ ಗಾಲಿಗಳು ಒಂದೇ ಗಾತ್ರದವಾಗಿರಬೇಕು. 145 ಸೆಂ.ಮೀ.ಗಿಂತ ಎತ್ತರದವರು ಒಳ್ಳೆಯ ವಿನ್ಯಾಸದ 700ಸಿ ಫ್ರೇಮನ್ನು ಮೊದಲು ಹುಡುಕುವುದು, ಅದಕ್ಕಿಂತ ಚಿಕ್ಕವರು ಚಿಕ್ಕ ಗಾಲಿಯನ್ನು ವಿಚಾರಿಸುವುದು ವ್ಯವಹಾರಕ್ಕೆ ಹೊಂದುವ ದಾರಿ.

ತೂಕ, ಗೇರು, ಟಯರು

ಎಂಬತ್ತು ಕೆ.ಜಿ. ತೂಕದ ಸವಾರರಿಗೆ ಹತ್ತು ಕೆ.ಜಿ. ಸೈಕಲ್ಲು ತಮ್ಮ ತೂಕದ ಎಂಟನೆಯ ಒಂದು ಪಾಲು. ನಲವತ್ತು ಕೆ.ಜಿ. ತೂಕದ ಬಾಲಕಿಗೆ ಅದೇ ಸೈಕಲ್ಲು ಕಾಲು ಪಾಲು. ಏರಿನಲ್ಲಿ ಈ ಅಂತರ ಕಾಲಿಗೆ ತಿಳಿಯುತ್ತದೆ. ಆದ್ದರಿಂದ ಚಿಕ್ಕ ಸವಾರರಿಗೆ ಹಗುರ ಸೈಕಲ್ಲು ಬರಿಯ ಶೋಕಿಯಲ್ಲ. ಆದರೂ ಹಗುರವಾದ ದೊಡ್ಡ ಫ್ರೇಮಿಗಿಂತ ತುಸು ಭಾರದ ಸರಿ ಅಳತೆಯ ಫ್ರೇಮು ಮೇಲು.

ಗೇರಿನಲ್ಲಿ ಅತಿ ಸಲೀಸಾದುದು ಯಾವುದೆಂದು ಮೊದಲು ಕೇಳಬೇಕು. ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಗಾಲಿಯ ಒಂದು ಸುತ್ತು, ಅಂದರೆ ಸುಮಾರು 2.1 ಮೀಟರು. ಹಳೆಯ ರೇಸ್ ಸೈಕಲ್ಲುಗಳ 39 ಮತ್ತು 25 ಹಲ್ಲುಗಳ ಜೋಡಿಯಲ್ಲಿ ಅದು ಸುಮಾರು 3.3 ಮೀಟರು. ಘಟ್ಟದ ಊರಿನವರಿಗೆ ಮೊದಲನೆಯದೇ ಬೇಕು.

ಟಯರು 28 ಮಿ.ಮೀ. ಅಥವಾ ಅದಕ್ಕಿಂತ ಅಗಲದ್ದು ಕೂರುವಂತೆ ಫ್ರೇಮಿನಲ್ಲಿ ಜಾಗವಿದ್ದರೆ ಕೆಟ್ಟ ರಸ್ತೆಯಲ್ಲಿ ಅನುಕೂಲ. ಟಯರಿನ ಬದಿಯಲ್ಲಿ ಅಚ್ಚಾಗಿರುವ ಗರಿಷ್ಠ ಒತ್ತಡದವರೆಗೆ ಗಾಳಿ ತುಂಬಬೇಕಿಲ್ಲ. ಹಗುರ ಸವಾರರಿಗೆ ಕಡಿಮೆ ಸಾಕು, ಸೈಕಲ್ಲು ಕುಪ್ಪಳಿಸುವುದೂ ನಿಲ್ಲುತ್ತದೆ. ಆದೋನಿ, ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳಿಗೆ ತಡೆಯೊಡ್ಡುವ ಒಳಪದರವಿರುವ ಟಯರು ಉತ್ತಮ. ಕಾಸರಗೋಡಿನ ಮಳೆಗಾಲದಲ್ಲಿ ಓಡಿಸುವವರು ಚೈನನ್ನು ಒರೆಸಿ ಎಣ್ಣೆ ಹಾಕುವ ರೂಢಿಯನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಬೇಕು.

"ಬೆಳೆಯುವ ಮಗು" ಎಂಬ ಲೆಕ್ಕ

ದೊಡ್ಡವರ ಸೈಕಲ್ಲಿನಲ್ಲಿ ಒಳಪೆಡಲು ತುಳಿದು ಕಲಿತ ತಲೆಮಾರು ನಮ್ಮದು. ದೊಡ್ಡ ಸೈಕಲ್ಲಿಗೆ ಮೈ ಒಗ್ಗಿಸಿಕೊಳ್ಳುವುದೇ ಕಲಿಕೆ ಎಂದು ನಂಬಿದ್ದೆವು. ಸಮವಸ್ತ್ರವನ್ನು ಒಂದಿಷ್ಟು ದೊಡ್ಡದು ಹೊಲಿಸುವಂತೆ ಸೈಕಲ್ಲನ್ನೂ ದೊಡ್ಡದೇ ತರುವ ಯೋಚನೆ ಬರುವುದು ಇಲ್ಲಿಂದಲೇ. ಸಡಿಲ ಅಂಗಿಯಿಂದ ಯಾರೂ ಬೀಳುವುದಿಲ್ಲ. ದೊಡ್ಡ ಸೈಕಲ್ಲಿನಿಂದ ಬೀಳುತ್ತಾರೆ.

ಬೆಳವಣಿಗೆಗೆ ಜಾಗ ಬಿಡುವ ಸರಿಯಾದ ಕ್ರಮ ಬೇರೆ. ಇಂದು ಹೊಂದುವ ಫ್ರೇಮನ್ನು ಆರಿಸಿ, ನಾಳೆ ಸೀಟನ್ನು ಏರಿಸಲು ಮತ್ತು ಸ್ಟೆಮ್ಮನ್ನು ಒಂದೆರಡು ಸೆಂ.ಮೀ. ಉದ್ದದ್ದಕ್ಕೆ ಬದಲಿಸಲು ಅವಕಾಶವಿದೆಯೇ ಎಂದು ನೋಡಬೇಕು. ಹೀಗೆ ಒಂದು ಫ್ರೇಮು ಸಾಮಾನ್ಯವಾಗಿ ಆರೇಳು ಸೆಂ.ಮೀ. ಬೆಳವಣಿಗೆಯನ್ನು ತಾಳಿಕೊಳ್ಳುತ್ತದೆ. ಹೆಣ್ಣುಮಕ್ಕಳ ಎತ್ತರ ಹೆಚ್ಚಾಗಿ ಹದಿನೈದರ ಆಸುಪಾಸಿನಲ್ಲಿ ನಿಲ್ಲುತ್ತ ಬರುವುದರಿಂದ, ಹತ್ತನೆಯ ತರಗತಿಯ ಹುಡುಗಿಗೆ ದೊಡ್ಡ ಫ್ರೇಮು ತಂದು ಕಾಯುವುದರಲ್ಲಿ ಅರ್ಥವಿಲ್ಲ. ಹುಡುಗರು ಇನ್ನೂ ಕೆಲವು ವರ್ಷ ಬೆಳೆಯುತ್ತಾರೆ. ಅವರಿಗೆ ಚೆನ್ನಾಗಿರುವ ಬಳಸಿದ ಸೈಕಲ್ಲು ಕೊಂಡು ಮುಂದೆ ಮಾರುವುದು ಖರ್ಚಿನ ದೃಷ್ಟಿಯಿಂದ ಹಗುರ.

ಕೊಳ್ಳುವ ದಿನ

ಬಳಸಿದ ಸೈಕಲ್ಲಾದರೆ ಫ್ರೇಮಿನ ಬೆಸುಗೆಗಳ ಸುತ್ತ, ಕೊಳವೆಗಳ ಕೆಳಭಾಗದಲ್ಲಿ ಕೂದಲೆಳೆಯಂಥ ಬಿರುಕಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಕಾರ್ಬನ್ ಫ್ರೇಮಿನ ಒಳಪೆಟ್ಟು ಹೊರಗೆ ಕಾಣದಿರಬಹುದು. ಬಿದ್ದ ಚರಿತ್ರೆ ತಿಳಿಯದ ಕಾರ್ಬನ್ ಸೈಕಲ್ಲಿಗಿಂತ ಅಲ್ಯೂಮಿನಿಯಂ ಅಥವಾ ಉಕ್ಕಿನದು ನಿಶ್ಚಿಂತೆ. ಸೀಟಿನ ಕಂಬ ಸಿಕ್ಕಿಕೊಂಡಿಲ್ಲವೆಂದು ಎತ್ತಿ ಇಳಿಸಿ ಖಚಿತಪಡಿಸಿಕೊಳ್ಳಬೇಕು. ಹೊಸ ಚೈನಿನಲ್ಲಿ 24 ಕೊಂಡಿಗಳು ಸರಿಯಾಗಿ 12 ಅಂಗುಲ. ಅದು 12 ಅಂಗುಲಕ್ಕಿಂತ ಅಂಗುಲದ ಹದಿನಾರನೆಯ ಒಂದು ಭಾಗ ಹೆಚ್ಚಿದ್ದರೆ ಚೈನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಹೊಸದಾದರೆ ಚಿಕ್ಕ ಫ್ರೇಮು ಅಂಗಡಿಯಲ್ಲಿ ಸಿದ್ಧವಿರುವುದು ಅಪರೂಪ. ತರಿಸಿಕೊಡುವಂತೆ ಕೇಳಿ ಕೆಲವು ವಾರ ಕಾಯುವುದು ಲೇಸು. ರಿಯಾಯಿತಿಯ ಆಸೆಗೆ ಎದುರಿಗಿರುವ ಮೀಡಿಯಂ ಅನ್ನು ಒಪ್ಪಬಾರದು. ಸ್ಟೆಮ್, ಹ್ಯಾಂಡಲ್, ಕ್ರ್ಯಾಂಕುಗಳನ್ನು ಕೊಳ್ಳುವ ಮುನ್ನವೇ ಬದಲಿಸಿಕೊಡುವರೇ ಎಂದು ವಿಚಾರಿಸಬೇಕು. ಆಮೇಲೆ ಬದಲಿಸಿದರೆ ಎರಡೆರಡು ಬಾರಿ ಹಣ ತೆತ್ತಂತೆ.

ಸವಾರರನ್ನು ಬಿಟ್ಟು ಅಚ್ಚರಿಯ ಉಡುಗೊರೆಯಾಗಿ ಸೈಕಲ್ಲು ತರಬಾರದು. ಮಗಳು ಅಥವಾ ಮಗ ಅಂಗಡಿಗೆ ಬರಬೇಕು, ಸೈಕಲ್ಲನ್ನು ಕಾಲುಗಳ ನಡುವೆ ನಿಲ್ಲಿಸಿ ನೋಡಬೇಕು, ಹತ್ತು ನಿಮಿಷ ಓಡಿಸಬೇಕು, ಎರಡೂ ಹಿಡಿತಗಳಿಂದ ಬ್ರೇಕು ಒತ್ತಬೇಕು, ನಿಧಾನ ತಿರುವಿನಲ್ಲಿ ಪಾದ ಗಾಲಿಗೆ ತಾಗುವುದೇ ಎಂದು ಪರೀಕ್ಷಿಸಬೇಕು. ಮನೆಯಲ್ಲಿ ಬರೆದ ಅಳತೆಯ ಚೀಟಿ ಕಿಸೆಯಲ್ಲಿರಲಿ. ಅದರೊಡನೆ ಹೊಂದದ ಸೈಕಲ್ಲು ಎಷ್ಟೇ ಸೊಗಸಾಗಿದ್ದರೂ ಅಂಗಡಿಯಲ್ಲಿಯೇ ಉಳಿಯಲಿ.